ಹೋಗಿ ಬರುವ ಶಬ್ದ

ಎರಡನೇ ದೂರು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಮಗಳು ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಮೊಬೈಲು ಹಿಡಿದು ಓದಿದಳು. ಓದಿ ಮುಗಿದ ಮೇಲೂ ತುತ್ತು ಬಾಯಿಗೆ ಹೋಗಲಿಲ್ಲ.

"ಏನಾಯ್ತೇ?" ಎಂದಳು ಅಮ್ಮ.

"ಮಾತಾಡುವಾಗ ಹಿಂದೆ ಏನೋ ಶಬ್ದ ಬರುತ್ತೆ ಅಂತ ಮತ್ತೆ ಯಾರೋ ದೂರು ಕೊಟ್ಟಿದಾರೆ. ಇನ್ನೊಂದು ಸಲ ಆದ್ರೆ ಕೆಲಸ ಬಿಟ್ಟು ಮನೇಲಿರು ಅಂತ ಮ್ಯಾನೇಜರು ಬರೆದಿದಾರೆ."

"ಈಗ್ಲೂ ಮನೇಲೇ ತಾನೇ ಇರೋದು?" ಎಂದ ಅಪ್ಪ.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಪ್ಪ ಬಸ್ಸು ಓಡಿಸುವವನು. ಬೆಳಗಿನ ಪಾಳಿ ಮುಗಿಸಿ ಬಂದು, ಉಂಡು ಮಲಗುವ ಮುಂಚೆ ಒಂದು ತಮಾಷೆ ಮಾಡುವುದು ಅವನ ಅಭ್ಯಾಸ. ಇವತ್ತು ಮಗಳು ತಟ್ಟೆ ಸರಿಸಿ ಎದ್ದಳು.

"ಉಂಡು ಏಳೇ."

"ನಂಗೆ ಬೇಡ. ಆ ಡಬ್ಬಾ ಲ್ಯಾಪ್‌ಟಾಪ್ ತಂದುಕೊಟ್ಟೋರು ಉಣ್ಲಿ."

ತಂದುಕೊಟ್ಟವನು ಅಪ್ಪನೇ. ಡಿಪೋದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಒಳಗೆಲ್ಲ ಸ್ವಚ್ಛ ಮಾಡಿಸಿ ತಂದಿದ್ದ. ಅವನು ತಲೆ ತಗ್ಗಿಸಿ ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸತೊಡಗಿದ.

ಮಗಳದು ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯಲ್ಲಿ ಕೆಲಸ. ಸೇರಿ ಎಂಟು ತಿಂಗಳಾದರೂ ಆ ಕಂಪನಿಯನ್ನು ಅವಳು ಕಣ್ಣಿನಿಂದ ಕಂಡಿಲ್ಲ. ಮುಂದಿನ ಕೋಣೆಯ ಗೋಡೆಗೆ ಒತ್ತಿಸಿದ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ತಲೆಗೆ ಹೆಡ್‌ಫೋನು. ಕಚೇರಿ ಎಂದರೆ ಅಷ್ಟೇ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯಾರ ಯಾರದೋ ಮನೆಯ ಕೆಟ್ಟ ಯಂತ್ರಗಳು ಅವಳ ಕಿವಿಗೆ ಬರುತ್ತವೆ. "ಶಬ್ದ ಬರ್ತಿದೆಯಾ ಮೇಡಂ? ಯಾವಾಗಿಂದ ಬರ್ತಿದೆ? ಎಂಥ ಶಬ್ದ? ಅದಕ್ಕೆ ಮುಂಚೆ ಏನಾದ್ರೂ ಬದಲಾವಣೆ ಗಮನಿಸಿದ್ರಾ?" ಇವೇ ಪ್ರಶ್ನೆಗಳನ್ನು ದಿನಕ್ಕೆ ಮೂವತ್ತು ಸಲ ಕೇಳುತ್ತಾಳೆ. ತಾತ ಅವಳಿಗೆ ಗಿಣಿ ಎಂದು ಹೆಸರಿಟ್ಟದ್ದು ಅದಕ್ಕೇ.

ಆ ಮೇಜಿನಿಂದ ಎರಡು ಮಾರು ದೂರಕ್ಕೆ ಅಮ್ಮನ ಹೊಲಿಗೆ ಯಂತ್ರ. ಅಮ್ಮ ಗೊಂಬೆ ಹೊಲಿಯುತ್ತಾಳೆ. ಕರಡಿ, ಆನೆ, ಮೊಲ. ಗೊಂಬೆ ಕಾರ್ಖಾನೆಯವರು ತುಪ್ಪಳದ ಬಟ್ಟೆಯನ್ನು ಮೂಟೆಗಟ್ಟಿ ತಂದು ಹಾಕುತ್ತಾರೆ. ಅದನ್ನು ಕತ್ತರಿಸಿ, ಒಳಮಗ್ಗುಲಿನಿಂದ ಹೊಲಿದು, ತಿರುವಿ, ಹೊಟ್ಟೆಗೆ ನಾರು ತುಂಬಿ ಕೊಡಬೇಕು. ಕಣ್ಣು ಕೂರಿಸುವುದು ಕಾರ್ಖಾನೆಯಲ್ಲಿ. ಹಾಗಾಗಿ ಹತ್ತೊಂಬತ್ತು ವರ್ಷದಿಂದ ಈ ಮನೆ ತುಂಬ ಕಣ್ಣಿಲ್ಲದ ಪ್ರಾಣಿಗಳು. ಕತ್ತರಿ ಹಾಕಿದಾಗಲೆಲ್ಲ ಬಟ್ಟೆಯಿಂದ ಸಣ್ಣ ಸಣ್ಣ ಎಳೆ ಹಾರುತ್ತದೆ; ಕಿಟಕಿಯಿಂದ ಬಿಸಿಲು ಬಿದ್ದ ಕಡೆ ಮಾತ್ರ ಕಾಣುತ್ತದೆ. ಟೀ ಲೋಟದಲ್ಲಿ ಬಿದ್ದರೆ ಕಿರುಬೆರಳಿನಿಂದ ತೆಗೆದು ಕುಡಿಯುವುದು ಇಲ್ಲಿ ಎಲ್ಲರಿಗೂ ರೂಢಿ.

ಒಂದೇ ಕೋಣೆಯಲ್ಲಿ ಎರಡು ಕೆಲಸ ಸಾಗಬೇಕಾದರೆ ಒಂದು ಒಪ್ಪಂದ ಬೇಕು. ಮಗಳ ಮೇಜಿನ ಮೇಲೆ ಒಂದು ಕೆಂಪು ಚಿಂದಿ ಇತ್ತು. ಕರೆ ಬಂದ ಕೂಡಲೇ ಅವಳು ಅದನ್ನು ಮೇಲೆತ್ತುತ್ತಿದ್ದಳು, ಅಮ್ಮ ತುಳಿಯುವ ಕಾಲು ನಿಲ್ಲಿಸುತ್ತಿದ್ದಳು. ಚಿಂದಿ ಇಳಿದರೆ ಮತ್ತೆ ಯಂತ್ರ ಓಡುತ್ತಿತ್ತು. ಅಮ್ಮನಿಗೆ ಕೆಮ್ಮು ಬಂದರೆ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ತಿರುಗಿಸಿ ಕೆಮ್ಮಬೇಕು. ಮೊದಲ ಎರಡು ತಿಂಗಳು ಇದೇ ಜಗಳ. ಕೊನೆಗೆ ಮಗಳೇ ಔಷಧಿ ಅಂಗಡಿಯಿಂದ ಒಂದು ಸಿರಪ್ಪಿನ ಬಾಟಲಿ ತಂದುಕೊಟ್ಟಿದ್ದಳು. "ಬೆಳಗ್ಗೆ ಒಂದು ಮುಚ್ಚಳ, ಮಧ್ಯಾಹ್ನ ಒಂದು ಮುಚ್ಚಳ. ಕೆಮ್ಮು ಬರೋದೇ ಇಲ್ವಂತೆ." ನಿಜವಾಗಿಯೂ ಕೆಮ್ಮು ಕಡಿಮೆಯಾಯಿತು. ಇದು ಮುಗಿದರೆ ಇನ್ನೊಂದು ಎಂದು ಬಾಟಲಿ ಬರುತ್ತಲೇ ಇತ್ತು. ಶಬ್ದ ಮಾಡಲು ಉಳಿದದ್ದು ಲ್ಯಾಪ್‌ಟಾಪಿನ ಫ್ಯಾನು.

ಆ ಸಂಜೆ ತಾತ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ನಲವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಯಾವ ಯಂತ್ರ ಬಂದರೂ ಮೊದಲು ಬಿಚ್ಚುತ್ತಿರಲಿಲ್ಲ. ಹಲಗೆಗೆ ಕಿವಿ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಈಗಲೂ ಹಾಗೇ ಮಾಡಿದರು. ಅಮ್ಮ ಕಾಲು ನಿಲ್ಲಿಸಿ ಕಾದಳು.

"ಗಿಣಿ, ಇದರಲ್ಲಿ ಎರಡು ಶಬ್ದ ಇದೆಯಲ್ಲೇ."

"ಎರಡಲ್ಲ ತಾತ, ಇಪ್ಪತ್ತಿದೆ."

"ಹಾಗಲ್ಲ, ಕೇಳು. ಒಂದು ತಿರುಗೋ ಶಬ್ದ. ಗರಗರ ಅಂತ ಒಂದೇ ಸಮ. ಇನ್ನೊಂದು ಹೋಗಿ ಬರೋ ಶಬ್ದ. ಬಹಳ ಸಣ್ಣದು. ಹೋಗುತ್ತೆ, ನಿಲ್ಲುತ್ತೆ, ಬರುತ್ತೆ. ಮಿಷನ್ನಲ್ಲಿ ಚಕ್ರ ತಿರುಗುತ್ತೆ, ಸೂಜಿ ಹೋಗಿ ಬರುತ್ತೆ ನೋಡು, ಹಾಗೆ."

"ಲ್ಯಾಪ್‌ಟಾಪಲ್ಲಿ ಸೂಜಿ ಎಲ್ಲಿಂದ ಬರ್ಬೇಕು?"

ಯಂತ್ರದ ಹಿಂದಿನಿಂದ ಅಮ್ಮ ನಕ್ಕಳು. "ಮಾವ, ನಿಮ್ಮ ಕಿವೀನೇ ಒಂದ್ಸಲ ಸರ್ವಿಸಿಗೆ ಕೊಡ್ಬೇಕು."

ತಾತನೂ ನಕ್ಕರು. ಆದರೆ ಕಿವಿ ತೆಗೆಯಲಿಲ್ಲ.

ಮಾರನೇ ದಿನ ಮಗಳು ಸ್ನಾನಕ್ಕೆ ಹೋದಾಗ ತಾತ ಪೆಟ್ಟಿಗೆ ತೆಗೆದರು. ಉದ್ದ ಮೂತಿಯ ಎಣ್ಣೆ ಡಬ್ಬಿ ಹಾಗೇ ಇತ್ತು. ಲ್ಯಾಪ್‌ಟಾಪನ್ನು ಮಗುಚಿ, ಗಾಳಿ ಹೋಗುವ ಸೀಳಿನಲ್ಲಿ ಮೂತಿ ತೂರಿಸಿ ನಾಲ್ಕು ಹನಿ ಬಿಟ್ಟರು. ಸ್ವಲ್ಪ ಯೋಚಿಸಿ ಇನ್ನೆರಡು ಬಿಟ್ಟರು. ಒರೆಸಿ, ಇದ್ದ ಹಾಗೇ ಇಟ್ಟರು.

ಫ್ಯಾನು ಸುಮ್ಮನಾಯಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಐದನೇ ದಿನ ಊಟಕ್ಕೆ ಕೂತಾಗ ತಾತನಿಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟರು.

"ಎಣ್ಣೆ ಹಾಕಿದೆಯಾ? ಲ್ಯಾಪ್‌ಟಾಪಿಗಾ?" ಮಗಳ ಕೈಯಿಂದ ಚಮಚ ಬಿತ್ತು.

"ಈಗ ಶಬ್ದ ಇದೆಯಾ?"

"ಇಲ್ಲ."

"ಮತ್ತೆ?"

"ಅಪ್ಪಾ," ಎಂದ ಅಪ್ಪ, "ಬಿಡುವಾದಾಗ ನನ್ನ ಬಸ್ಸಿಗೂ ಎರಡು ಹನಿ ಹಾಕ್ಬಿಡು. ಮ್ಯಾನೇಜರಿಗೂ ಎರಡು."

ಅವತ್ತು ಮಾತ್ರ ಎಲ್ಲರೂ ನಕ್ಕರು. ನಗುತ್ತ ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಒಳಗೆ ನಲ್ಲಿ ತಿರುಗಿಸಿದ್ದು ಕೇಳಿಸಿತು.

ಹತ್ತನೇ ದಿನಕ್ಕೆ ಫ್ಯಾನು ಮೊದಲಿಗಿಂತ ಕೆಟ್ಟದಾಗಿ ಅರಚತೊಡಗಿತು. ಲ್ಯಾಪ್‌ಟಾಪಿನ ತಳ ಮುಟ್ಟಲಾಗದಷ್ಟು ಬಿಸಿ. ಒಬ್ಬ ಹೆಂಗಸು ತನ್ನ ಯಂತ್ರ ನೀರು ಕಾರುವುದನ್ನು ವಿವರಿಸುತ್ತಿದ್ದಂತೆ ಪರದೆ ಕಪ್ಪಾಗಿ ಎಲ್ಲ ಆರಿಹೋಯಿತು. ಮಗಳು ಕೈಯಲ್ಲಿದ್ದ ಕೆಂಪು ಚಿಂದಿಯನ್ನು ನೆಲಕ್ಕೆಸೆದಳು.

"ನಿನ್ನ ಮಿಷನ್ ಅಡುಗೆಮನೇಲಿಟ್ಕೋ ಅಂತ ಎಷ್ಟು ಸಲ ಹೇಳಿದೀನಿ ಅಮ್ಮ!"

"ಅಲ್ಲಿಟ್ಟು ಅನ್ನಕ್ಕೆ ತುಪ್ಪಳ ಕಲಸಿ ಹಾಕ್ಲಾ?"

"ಈ ಧೂಳಿಂದಾನೇ ಆಗಿರೋದು."

"ಆಗಿರೋದು ನಿಮ್ಮ ತಾತನ ಎಣ್ಣೆಯಿಂದ. ನನ್ಮೇಲೆ ಹಾರಬೇಡ." ಅಮ್ಮನ ಮಾತು ನಡುನಡುವೆ ತುಂಡಾಗುತ್ತಿತ್ತು, ಮಹಡಿ ಹತ್ತಿ ಬಂದವರ ಹಾಗೆ. "ದಿನಕ್ಕೆ ಮೂವತ್ತು ಸಲ ನಿನ್ನ ಕೆಂಪು ಬಟ್ಟೆ ನೋಡಿ ಕಾಲೆತ್ತೀನಿ. ನಿನ್ನ ಕೇಳಿ ಕೆಮ್ತೀನಿ. ಇನ್ನೇನು, ಉಸಿರೂ ಬಿಡ್ಬಾರ್ದಾ ನಾನು?"

"ಬಿಡು! ಆದ್ರೆ ಮೆಲ್ಲಗೆ ಬಿಡು!"

ಅಮ್ಮ ಬಾಗಿ ಚಿಂದಿಯನ್ನು ಎತ್ತಿಕೊಂಡಳು. ಕೊಡವಿ ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು. ಆ ದಿನ ಅವರಿಬ್ಬರೂ ಮತ್ತೆ ಮಾತಾಡಲಿಲ್ಲ. ಸಂಜೆಯ ಟೀಯನ್ನು ಅಪ್ಪ ಮಾಡಿದ, ಸಕ್ಕರೆ ಮರೆತಿದ್ದ, ಯಾರೂ ಹೇಳಲಿಲ್ಲ.

ರಿಪೇರಿ ಅಂಗಡಿ ಎರಡು ಬೀದಿ ಆಚೆ, ಕನ್ನಡಕದಂಗಡಿಯ ಮಹಡಿಯಲ್ಲಿ. ಮೂವತ್ತರ ಆಸುಪಾಸಿನ ಹೆಂಗಸು ಒಬ್ಬಳೇ ನಡೆಸುತ್ತಿದ್ದಳು. ಮಗಳು ರಜೆ ಹಾಕಿ ಹೋದಳು, ತಾತ ಬರುತ್ತೇನೆಂದು ಹಟ ಹಿಡಿದು ಜೊತೆಗೆ ಬಂದರು. "ನೀನು ಬಂದು ಏನ್ಮಾಡ್ತೀಯಾ?" ಎಂದರೆ, "ಬಿಚ್ಚೋದು ನೋಡ್ತೀನಿ" ಎಂದರು.

ರಿಪೇರಿಯವಳು ಸಣ್ಣ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿದಳು. ತಾತ ಮೆಚ್ಚಿಕೊಂಡು ತಲೆಯಾಡಿಸಿದರು. ತಳದ ಮುಚ್ಚಳ ತೆಗೆದಾಗ ಅವಳ ಕೈ ನಿಂತಿತು.

"ಎಣ್ಣೆ ಹಾಕಿದ್ದು ಯಾರು?"

ಮಗಳು ಕಿಟಕಿಯಿಂದ ಕೆಳಗಿನ ಕನ್ನಡಕದಂಗಡಿಯ ಫಲಕ ನೋಡುತ್ತ ನಿಂತಳು.

"ನಾನೇ," ಎಂದರು ತಾತ. "ಹೊಲಿಗೆ ಮಿಷನ್ನಿಂದು. ಆರು ಹನಿ."

"ಹೊಲಿಗೆ ಮಿಷನ್ನಿಗೆ ಸರಿ ತಾತ. ಇದಕ್ಕೆ ಆಗಲ್ಲ. ನಾಲ್ಕು ದಿನ ಸುಮ್ಮನಿತ್ತು ಅಲ್ವಾ? ಆಮೇಲೆ ಬಂದ ಧೂಳೆಲ್ಲ ಎಣ್ಣೆಗೆ ಅಂಟಿಕೊಳ್ತಾ ಹೋಗಿದೆ. ನೀವು ಶಬ್ದ ನಿಲ್ಲಿಸಿದ್ರಿ, ಒಳಗಿಂದು ಒಳಗೇ ಗಟ್ಟಿಯಾಯ್ತು."

ತಾತ ಕೈ ಕಟ್ಟಿಕೊಂಡು ಕೇಳಿದರು, ತಪ್ಪು ಮಾಡಿ ಸಿಕ್ಕಿಬಿದ್ದ ಕೆಲಸಗಾರನ ಹಾಗೆ.

ಅವಳು ಚಿಮಟ ತೆಗೆದುಕೊಂಡು ಫ್ಯಾನಿಗೂ ಅದರ ಮುಂದಿನ ತಾಮ್ರದ ಜಾಲರಿಗೂ ನಡುವೆ ತೂರಿಸಿದಳು. ಧೂಳು ಎಂದರೆ ಪುಡಿಪುಡಿಯಾಗಿ ಬರುತ್ತದೆ ಎಂದುಕೊಂಡಿದ್ದಳು ಮಗಳು. ಬಂದದ್ದು ಪುಡಿಯಲ್ಲ. ಒಂದು ಅಂಚು ಸಿಕ್ಕಿತು. ಎಳೆದರೆ ಅದರ ಹಿಂದೆ ಇಡೀ ತುಂಡು ಬಂತು. ಬೆರಳಿನಷ್ಟು ಉದ್ದ, ಕಂಬಳಿಯಷ್ಟು ದಪ್ಪ. ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಹರಿಯಲಿಲ್ಲ. ಬಟ್ಟೆ. ಯಾರೂ ನೇಯದ ಬಟ್ಟೆ.

ರಿಪೇರಿಯವಳು ಅದನ್ನು ಬೆಳಕಿಗೆ ಹಿಡಿದಳು. "ಇದು ನಿಮ್ಮ ಹತ್ರ ಎಷ್ಟು ವರ್ಷದಿಂದ ಇದೆ?"

"ಎಂಟು ತಿಂಗಳು."

"ತಂದಾಗ ಒಳಗೆ ಹೀಗೇ ಇತ್ತಾ?"

"ಇಲ್ಲ. ಅಪ್ಪ ಸ್ವಚ್ಛ ಮಾಡಿಸಿ ತಂದಿದ್ರು."

"ಎಂಟು ತಿಂಗಳಾ?" ಎಂದು ಮತ್ತೊಮ್ಮೆ ಕೇಳಿದಳು. ಮರ ಕೊಯ್ಯುವವರ ಅಂಗಡಿಯ ಕಂಪ್ಯೂಟರು ನೋಡಿದ್ದೇನೆ, ಹಿಟ್ಟಿನ ಗಿರಣಿಯದು ನೋಡಿದ್ದೇನೆ, ಇಂಥದ್ದು ನೋಡಿಲ್ಲ ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಇದರ ಹತ್ರ ಕೂತು ಕೆಲಸ ಮಾಡೋರು ಯಾರು?" ಎಂದಳು.

"ನಾನು."

"ಬೇರೆ?"

"ಅಮ್ಮ."

"ಅವ್ರೂ ಎಂಟು ತಿಂಗಳಿಂದಾನಾ?"

ಮಗಳು ಬಾಯಿ ತೆರೆದಳು. ಹತ್ತೊಂಬತ್ತು ವರ್ಷ ಎಂಬ ಮಾತು ಹೊರಡಲಿಲ್ಲ. ರಿಪೇರಿಯವಳು ಅವಳ ಮುಖ ನೋಡಿ, ಮುಂದೆ ಕೇಳದೆ, ಡ್ರಾಯರಿನಿಂದ ಹೊಸ ಫ್ಯಾನು ತೆಗೆದಳು.

ತಾತನಿಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. "ಅಮ್ಮಾ, ಇದರೊಳಗೆ ಹೋಗಿ ಬರೋದು ಯಾವುದಾದ್ರೂ ಇದೆಯಾ? ಸೂಜಿ ಹಾಗೆ?"

"ಇಲ್ಲ ತಾತ. ಇದರಲ್ಲಿ ಅಲ್ಲಾಡೋದು ಈ ಫ್ಯಾನೊಂದೇ. ಇದು ತಿರುಗುತ್ತೆ ಅಷ್ಟೆ."

"ಸರಿಯಾಗಿ ನೋಡಿದ್ಯಾ?"

"ನೀವೇ ನೋಡಿ, ತೆರೆದೇ ಇದೆಯಲ್ಲ."

ತಾತ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೊರಡುವಾಗ ಆ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದಾಗ ನಾಲ್ಕು ಗಂಟೆ. ಅಪ್ಪ ನಿದ್ದೆಯಿಂದೆದ್ದು ಮುಖ ಒರೆಸಿಕೊಳ್ಳುತ್ತಿದ್ದ. ಅಮ್ಮ ಬಿಳಿ ಮೊಲಗಳ ಕಿವಿ ಹೊಲಿಯುತ್ತಿದ್ದಳು. ತಾತ ಕಾಗದ ಬಿಚ್ಚಿ ಊಟದ ಮೇಜಿನ ಮೇಲಿಟ್ಟರು.

"ಇದೇನು, ಸತ್ತ ಇಲಿ ತಂದಿದೀರಾ?" ಎಂದ ಅಪ್ಪ.

ಅಮ್ಮ ಅದನ್ನು ಕೈಗೆತ್ತಿಕೊಂಡಳು. ತಿರುಗಿಸಿ, ಅಂಚನ್ನು ಕಣ್ಣಿಗೆ ಹತ್ತಿರ ತಂದು, ಉಗುರಿನಿಂದ ಪದರ ಬಿಡಿಸಿದಳು. "ಅಯ್ಯೋ, ಇದು ನಮ್ಮ ನೀಲಿ ಆನೆ ಅಲ್ವಾ! ಇದು ಕಂದು ಕರಡಿ, ಎರಡು ಸಲ ವಾಪಸ್ ಕಳಿಸಿದ್ರಲ್ಲ ಅದು. ಇದು ಗುಲಾಬಿ ಬೆಕ್ಕು. ಮೇಲೆ ಈಗಿನ ಮೊಲ." ಅವಳಿಗೆ ನಗು ಬಂತು. "ಎಲ್ಲ ಬರೆದಿಟ್ಟ ಹಾಗಿದೆ ನೋಡ್ರಿ. ಒಂದು ತಿಂಗಳೂ ಬಿಟ್ಟಿಲ್ಲ."

ಬೇರೆ ಯಾರೂ ನಗಲಿಲ್ಲ. ಮಗಳು ಜಗಳವಾದಾಗಿನಿಂದ ಅಮ್ಮನ ಜೊತೆ ಮಾತಾಡಿರಲಿಲ್ಲ. ಅವಳು ಲ್ಯಾಪ್‌ಟಾಪನ್ನು ಅದರ ಜಾಗದಲ್ಲಿಟ್ಟು ಗುಂಡಿ ಒತ್ತಿದಳು.

ಪರದೆ ಬೆಳಗಿತು. ಫ್ಯಾನು ತಿರುಗಿತೋ ಇಲ್ಲವೋ ತಿಳಿಯಲಿಲ್ಲ. ಸೀಳಿಗೆ ಕೈ ಅಡ್ಡ ಹಿಡಿದಾಗ ತಣ್ಣನೆ ಗಾಳಿ ತಾಕಿತು. ಎಷ್ಟೋ ತಿಂಗಳ ಮೇಲೆ ಆ ಕೋಣೆ ಅಷ್ಟು ಸುಮ್ಮನಾಗಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಕದ ಎಳೆದದ್ದು ಕೇಳಿಸಿತು.

"ಹೋಯ್ತು," ಎಂದ ಅಪ್ಪ. "ಸದ್ಯ."

"ಶ್!" ಎಂದರು ತಾತ.

ಅವರು ಲ್ಯಾಪ್‌ಟಾಪಿನ ಬಳಿ ಬಾಗಿ ಕಿವಿ ಇಟ್ಟರು. ಕಣ್ಣು ಮುಚ್ಚಿದರು. ಆಮೇಲೆ ಕಿವಿ ಎತ್ತಿದರು. ಹಣೆ ಸುಕ್ಕುಗಟ್ಟಿತು. "ತಿರುಗೋದು ಹೋಗಿದೆ. ಇನ್ನೊಂದು ಇದೆ."

"ತಾತ, ಇಲ್ಲ. ಏನೂ ಇಲ್ಲ."

"ಇದೆ. ಹೋಗಿ ಬರೋದು. ಇದೆ."

ಕಣ್ಣು ಮುಚ್ಚಿಕೊಂಡೇ ಅವರು ತಲೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಒಂದು ಹೆಜ್ಜೆ ಇಟ್ಟರು. ಹೊಲಿಗೆ ಯಂತ್ರದ ತಲೆ ಮುಟ್ಟಿ ನೋಡಿದರು, ಅದು ನಿಂತಿತ್ತು. ಇನ್ನೊಂದು ಹೆಜ್ಜೆ ಇಟ್ಟು ಕಣ್ಣು ತೆರೆದರು. ಎದುರಿಗೆ ಸೊಸೆ ನಿಂತಿದ್ದಳು, ಕೈಯಲ್ಲಿ ಆ ತುಂಡು ಹಿಡಿದುಕೊಂಡು.

ಈಗ ಎಲ್ಲರಿಗೂ ಕೇಳಿಸಿತು. ಸಣ್ಣ ಸಿಳ್ಳೆಯಂಥದ್ದು. ಅಮ್ಮನ ಭುಜ ಏರಿದಾಗ ಬರುತ್ತಿತ್ತು, ನಿಲ್ಲುತ್ತಿತ್ತು, ಭುಜ ಇಳಿದಾಗ ಹೋಗುತ್ತಿತ್ತು.

"ಏನ್ ಮಾವ? ಯಾಕೆ ಹಾಗೆ ನೋಡ್ತೀರಾ?" ಎಂದಳು ಅಮ್ಮ.

ತಾತ ಎರಡು ಹೆಜ್ಜೆ ಹಿಂದೆ ಸರಿದು ಕುರ್ಚಿಯ ಬೆನ್ನು ಹುಡುಕಿದರು. ಅವರು ಕೂತದ್ದನ್ನು ಯಾರೂ ನೋಡಲಿಲ್ಲ.

ಅಪ್ಪನೇ ಮಾತಾಡಿದ. "ನಿಂಗೆ ಯಾವಾಗಿಂದ ಹೀಗೆ?"

"ಹೇಗೆ?"

"ಈ ಶಬ್ದ."

"ಯಾವ ಶಬ್ದ?" ಎಂದಳು ಅಮ್ಮ. ಅವಳಿಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ.

ಮ್ಯಾನೇಜರು ಎರಡನೇ ದೂರಿನ ಜೊತೆ ಆ ಕರೆಯ ಧ್ವನಿಮುದ್ರಣವನ್ನೂ ಕಳಿಸಿದ್ದರು. ಫ್ಯಾನೇ ಇರಬೇಕೆಂದು ಮಗಳು ಅದನ್ನು ತೆರೆದೇ ಇರಲಿಲ್ಲ. ಆ ಸಂಜೆ ಹೆಡ್‌ಫೋನು ಹಾಕಿಕೊಂಡು ತೆರೆದಳು. ಅವಳದೇ ಧ್ವನಿ, ತಿದ್ದಿ ತೀಡಿದ ಧ್ವನಿ, "ಎಂಥ ಶಬ್ದ ಮೇಡಂ?" ಎಂದು ಕೇಳುತ್ತಿತ್ತು. ಅದರ ಹಿಂದೆ ಗರಗರ ಇತ್ತು. ಅದರ ಮೇಲೆ ತೆಳ್ಳಗೆ ಇನ್ನೊಂದು ಇತ್ತು. ಬಂತು, ಹೋಯಿತು. ಬಂತು, ಹೋಯಿತು. ಆ ಕಡೆಯ ಹೆಂಗಸು, "ಮೊದ್ಲು ನಿಮ್ಮನೇಲಿ ಅದೇನು ಶಬ್ದ ಹೇಳಿ, ಕಿವಿಗೆ ಹಿಂಸೆ ಆಗ್ತಿದೆ" ಎಂದದ್ದು ಸ್ಪಷ್ಟವಾಗಿತ್ತು. ಮಗಳ ಉತ್ತರವೂ ಸ್ಪಷ್ಟವಾಗಿತ್ತು. "ಸಾರಿ ಮೇಡಂ, ಲ್ಯಾಪ್‌ಟಾಪ್ ಫ್ಯಾನು. ಬೇಗ ಸರಿ ಮಾಡಿಸ್ತೀವಿ."

ಅವಳು ಹೆಡ್‌ಫೋನು ತೆಗೆದಿಟ್ಟಳು. ಅಡುಗೆಮನೆಯಲ್ಲಿ ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು. ಮಗಳು ಹೋಗಿ ಪಕ್ಕದಲ್ಲಿ ನಿಂತು, ಒಂದು ಆಲೂಗಡ್ಡೆ ತೆಗೆದುಕೊಂಡು ಸಿಪ್ಪೆ ಹೆರೆದಳು. ಹೆರೆದದ್ದನ್ನೇ ಮತ್ತೆ ಹೆರೆದಳು.

"ಅದರಲ್ಲಿ ಇನ್ನೇನೂ ಉಳಿದಿಲ್ಲ, ಕೊಡಿಲ್ಲಿ," ಎಂದಳು ಅಮ್ಮ.

ಆಸ್ಪತ್ರೆಗೆ ನಾಲ್ವರೂ ಹೋದರು. ಅಮ್ಮನಿಗೆ ಅದೇ ಸಿಟ್ಟು. "ಮದುವೆ ದಿಬ್ಬಣ ಹೊರಟ ಹಾಗೆ ಇಷ್ಟೊಂದು ಜನ ಯಾಕೆ? ಅರವತ್ತು ಮೊಲ ಬಾಕಿ ಇದೆ ಅಲ್ಲಿ."

ವೈದ್ಯರು ವಯಸ್ಸಾದವರು, ನಿಧಾನಸ್ಥರು. ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಕುರ್ಚಿ ಎಳೆದುಕೊಂಡು ಕೂತರು.

"ಈ ಶಬ್ದ ಯಾವಾಗಿಂದ ಬರ್ತಿದೆ?"

ದಿನಕ್ಕೆ ಮೂವತ್ತು ಸಲ ತಾನೇ ಕೇಳುವ ಪ್ರಶ್ನೆ ಅದು. ಮಗಳು ಅಪ್ಪನ ಕಡೆ ನೋಡಿದಳು. ಅವನು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಅದಕ್ಕೆ ಮುಂಚೆ ಏನಾದ್ರೂ ಬದಲಾವಣೆ? ಮೆಟ್ಟಿಲು ಹತ್ತೋವಾಗ ನಿಲ್ತಿದ್ರಾ? ದಿಂಬು ಎರಡು ಬೇಕು ಅಂತಿದ್ರಾ?"

"ಮೂರು," ಎಂದ ಅಪ್ಪ ಮೆಲ್ಲಗೆ. "ಈಗ ಮೂರು. ಗೊಂಬೆಯ ನಾರು ತುಂಬಿ ದಿಂಬು ಮಾಡ್ಕೊಂಡಿದ್ಲಲ್ಲ, ಮೆತ್ತಗಿರುತ್ತೆ ಅಂತ ಇಟ್ಕೋತಾಳೆ ಅಂದ್ಕೊಂಡಿದ್ದೆ."

ವೈದ್ಯರು ಒಂದು ಪ್ಲಾಸ್ಟಿಕ್ಕಿನ ಕೊಳವೆ ಕೊಟ್ಟರು. ಅದರ ಮೇಲೆ ಅಂಕಿಗಳಿದ್ದವು, ಊದಿದಷ್ಟು ಮುಂದೆ ಸರಿಯುವ ಒಂದು ಕೆಂಪು ಮುಳ್ಳಿತ್ತು. ಅಮ್ಮ ಮೂರು ಸಲ ಊದಿದಳು. ಮೂರೂ ಸಲ ಮುಳ್ಳು ಸ್ವಲ್ಪ ಸರಿದು ಅಲ್ಲೇ ನಿಂತಿತು.

"ಇದು ಕೆಟ್ಟಿರಬೇಕು ಡಾಕ್ಟ್ರೇ," ಎಂದರು ತಾತ. "ಒಂದ್ಸಲ ನೋಡ್ಲಾ? ನಾನೂ ಮೆಕ್ಯಾನಿಕ್ಕೇ."

ವೈದ್ಯರು ಅವರ ಮುಖ ನೋಡಿದರು. ಬೇಡ ಎನ್ನಲಿಲ್ಲ. ಬಾಯಿಡುವ ತುದಿ ಬದಲಿಸಿ ಕೊಟ್ಟರು. ತಾತ ಕತ್ತು ಎತ್ತಿ, ಒಂದು ಸಲ ಊದಿದರು. ಮುಳ್ಳು ಸೊಸೆಯ ಅಂಕಿ ದಾಟಿತು. ದಾಟಿ, ಮತ್ತೆ ಅಷ್ಟೇ ದೂರ ಹೋಗಿ ನಿಂತಿತು. ತಾತನಿಗೆ ಎಪ್ಪತ್ಮೂರು. ಸೊಸೆಗೆ ನಲವತ್ತನಾಲ್ಕು.

ಕೊಳವೆಯನ್ನು ಅವರು ಕೆಳಗಿಡಲಿಲ್ಲ. ವೈದ್ಯರೇ ಅವರ ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು.

ಅಮ್ಮ ಚೀಲದಿಂದ ಸಿರಪ್ಪಿನ ಬಾಟಲಿ ತೆಗೆದಳು. "ಇದನ್ನ ತಗೊಂಡ್ರೆ ಚೆನ್ನಾಗೇ ಇರುತ್ತೆ ಡಾಕ್ಟ್ರೇ. ಕೆಮ್ಮೇ ಬರಲ್ಲ."

"ಎಷ್ಟು ದಿನದಿಂದ?"

"ಆರು ತಿಂಗಳು ಆಯ್ತೇನೋ."

"ಕೆಮ್ಮು ಬರೋದು ಒಳಗಿನದನ್ನ ಆಚೆ ಹಾಕೋಕೆ. ಅದರ ಬಾಯಿ ಮುಚ್ಚಿಸಿದ್ರೆ ಎಲ್ಲಿ ಹೋಗುತ್ತೆ?" ಅವರು ಬಾಟಲಿ ಎತ್ತಿ ಚೀಟಿ ಓದಿದರು. "ಇದನ್ನ ಕೊಟ್ಟಿದ್ದು ಯಾರು?"

ತಾತ ಗಕ್ಕನೆ ಮೊಮ್ಮಗಳ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು.

"ನಾನೇ," ಎಂದಳು ಮಗಳು.

ಹೋದದ್ದು ಪೂರ್ತಿ ವಾಪಸ್ಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದರು ವೈದ್ಯರು. ಎದೆಗೆ ಎಳೆದುಕೊಳ್ಳುವ ಔಷಧಿ ಬರೆದರು. ಆ ಬಟ್ಟೆ ಇರುವ ಕೋಣೆಯಲ್ಲಿ ಇನ್ನೊಂದು ದಿನವೂ ಕೂರಬಾರದು ಎಂದರು. ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು.

ಮಾರನೇ ಬೆಳಗ್ಗೆ ಎಂಟಕ್ಕೆ ಅವಳು ಯಂತ್ರದ ಮುಂದೆ ಕೂತಿದ್ದಳು.

ಕಾಲಲ್ಲಿ ತುಳಿದಳು. ಕೆಳಗಿನ ಚಕ್ರ ತಿರುಗಿತು, ಮೇಲಿನದು ತಿರುಗಲಿಲ್ಲ. ಬಾಗಿ ನೋಡಿದಳು. ಎರಡಕ್ಕೂ ನಡುವೆ ಇರಬೇಕಾದ ಬೆಲ್ಟು ಇರಲಿಲ್ಲ.

"ಮಾವ, ಬೆಲ್ಟ್ ಕೊಡಿ."

ತಾತ ಕಿಟಕಿಯ ಬಳಿ ಕೂತಿದ್ದರು. "ಇಲ್ಲ."

"ಅರವತ್ತು ಮೊಲ ಇದೆ. ಇದೊಂದು ಮುಗಿಸಿ ನಿಲ್ಲಿಸ್ತೀನಿ."

"ಇಲ್ಲ ಅಂದ್ನಲ್ಲ."

"ನನ್ನ ಮಿಷನ್ ಮುಟ್ಟೋಕೆ ನಿಮಗ್ಯಾರು ಹೇಳಿದ್ದು?" ಅಮ್ಮ ಮಾವನೆದುರು ಧ್ವನಿ ಏರಿಸಿದ್ದು ಅದೇ ಮೊದಲು. "ಹತ್ತೊಂಬತ್ತು ವರ್ಷ ಇದು ಒಂದು ದಿನ ನಿಲ್ಲದ ಹಾಗೆ ನೋಡ್ಕೊಂಡೋರು ನೀವೇ ಅಲ್ವಾ? ವಾರಕ್ಕೊಂದ್ಸಲ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ! ಈಗ ನೀವೇ ಕಿತ್ತಿಟ್ಕೋತೀರಾ?"

"ಹೌದಮ್ಮ, ನಾನೇ. ವಾರಕ್ಕೊಂದ್ಸಲ ಬಿಚ್ಚಿ ಒರೆಸ್ದೆ. ಕೂದಲೆಳೆ ಒಂದು ಬಿಡದ ಹಾಗೆ ತೆಗೆದೆ." ತಾತ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. "ಮಿಷನ್ ಒಂದನ್ನೇ ನೋಡ್ದೆ."

ಅಮ್ಮ ಕೈಯಲ್ಲಿದ್ದ ಮೊಲವನ್ನು ಬೀಸಿ ಎಸೆದಳು. ಅದು ಗೋಡೆಗೆ ಬಡಿದು, ಶಬ್ದ ಮಾಡದೆ ಬಿತ್ತು.

"ನಾನು ಸುಮ್ನೆ ಕೂತ್ರೆ ಮನೆ ನಡೆಯುತ್ತಾ? ಇವಳ ಕೆಲಸಾನೂ ಒಂದು ದೂರಿನಲ್ಲಿ ನೇತಾಡ್ತಿದೆ."

"ನಡೆಯೋ ಹಾಗೆ ನಡೆಯಲಿ," ಎಂದ ಅಪ್ಪ ಬಾಗಿಲಲ್ಲಿ ನಿಂತು. ಆ ದಿನ ಅವನು ಪಾಳಿಗೆ ಹೋಗಿರಲಿಲ್ಲ. ತಮಾಷೆಯನ್ನೂ ಮಾಡಲಿಲ್ಲ. ಮೂಟೆಗಳನ್ನು ಹೆಗಲಿಗೇರಿಸಿ ಒಂದೊಂದೇ ಕೆಳಗಿಳಿಸಿದ. ಐದನೇ ಮೂಟೆ ಎತ್ತಿದಾಗ ಅದರ ಹಿಂದಿನ ಗೋಡೆ ಕಂಡಿತು. ಬೂದು ಬಣ್ಣದ ಗೋಡೆ. ಅವನು ಒದ್ದೆ ಬಟ್ಟೆ ತಂದು ಒಂದು ಸಲ ಮೇಲಿಂದ ಕೆಳಕ್ಕೆ ಎಳೆದ. ಬೂದು ಬಣ್ಣ ಸುರುಳಿ ಸುತ್ತಿಕೊಂಡು ಬಟ್ಟೆಗೆ ಬಂತು. ಹಿಂದೆ ಹಳದಿ ಇತ್ತು.

"ನಮ್ಮ ಗೋಡೆ ಹಳದೀನಾ?" ಎಂದಳು ಮಗಳು.

ಅಪ್ಪ ಬಟ್ಟೆ ಹಿಂಡಿದ. ಇಪ್ಪತ್ತು ವರ್ಷದ ಹಿಂದೆ ಅದನ್ನು ಬಳಿದವನು ಅವನೇ. ಬಕೆಟ್ಟಿನ ನೀರು ಏಳು ಸಲ ಬದಲಿಸಿದರು. ಅಮ್ಮ ಮೆಟ್ಟಿಲ ಮೇಲೆ, ಬಾಗಿಲಿನ ಆಚೆ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಖಾಲಿ ಕೈಯಲ್ಲಿ ಅವಳು ಕೂತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಎರಡು ವಾರ ಕಳೆಯಿತು. ಎಳೆದುಕೊಳ್ಳುವ ಔಷಧಿಯಿಂದ ಸಿಳ್ಳೆ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಸಿರಪ್ಪು ನಿಂತಿದ್ದರಿಂದ ಕೆಮ್ಮು ಜೋರಾಗಿತ್ತು. ಬರಲಿ, ಬರಬೇಕು ಎಂದಿದ್ದರು ವೈದ್ಯರು. ಬೆಲ್ಟು ತಾತನ ಜೇಬಿನಲ್ಲೇ ಇತ್ತು. ಅಪ್ಪ ಸಂಜೆಯ ಪಾಳಿಯನ್ನೂ ಹಿಡಿದಿದ್ದ. ಮಗಳ ತಲೆಯ ಮೇಲೆ ಮೂರನೇ ದೂರು ತೂಗುತ್ತಲೇ ಇತ್ತು. ಲ್ಯಾಪ್‌ಟಾಪು ಮಾತ್ರ ಇದ್ದೂ ಇಲ್ಲದಂತೆ ಸದ್ದಿಲ್ಲದೆ ತಿರುಗುತ್ತಿತ್ತು.

ಆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಗಳು ಕರೆಯಲ್ಲಿದ್ದಳು. ಆ ಕಡೆಯವನು ಮೊದಲೇ ಸಿಟ್ಟಿನಲ್ಲಿದ್ದ. ಎರಡು ಸಲ ಯಾರೋ ಬಂದು ನೋಡಿ ಹೋದರೂ ಅವನ ಯಂತ್ರ ಸರಿಯಾಗಿರಲಿಲ್ಲ. ಅಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಬೀನ್ಸ್ ಸೋಸುತ್ತಿದ್ದಳು. ಕೆಮ್ಮು ಬಂತು. ಅಭ್ಯಾಸದ ಬಲ, ಬಾಯಿಗೆ ಕೈ ಅಡ್ಡ ಹಿಡಿದು, ಬೀನ್ಸಿನ ತಟ್ಟೆ ಕೆಳಗಿಟ್ಟು, ಅಡುಗೆಮನೆಯ ಕಡೆ ಓಡಲು ಎದ್ದಳು.

ಮಗಳು ಕೂತಲ್ಲಿಂದಲೇ ಕೈ ಚಾಚಿ ಅವಳ ಸೆರಗು ಹಿಡಿದಳು.

ಅಮ್ಮ ತಿರುಗಿ ನೋಡಿದಳು. ಬಿಡೇ, ಬಿಡೇ ಎಂದು ತಲೆಯಲ್ಲೇ ಹೇಳಿದಳು. ಮಗಳು ಬಿಡಲಿಲ್ಲ. ತಡೆದ ಕೆಮ್ಮು ಎರಡು ಪಾಲಾಗಿ ಹೊರಗೆ ಬಂತು.

"ಏನಮ್ಮಾ ಅದು ಶಬ್ದ?" ಎಂದ ಆ ಕಡೆಯವನು. "ನಿಮ್ಮದೇ ಏನೋ ಕೆಟ್ಟಿರೋ ಹಾಗಿದೆ!"

ಧ್ವನಿ ಮುಚ್ಚುವ ಗುಂಡಿಯ ಮೇಲೆ ಮಗಳ ಬೆರಳಿತ್ತು. ಒತ್ತಿದರೆ ಇಲ್ಲಿನದು ಅಲ್ಲಿ ಕೇಳಿಸುವುದಿಲ್ಲ. ತಾತ ಹಾಸಿಗೆಯಿಂದ ತಲೆ ಎತ್ತಿ ನೋಡುತ್ತಿದ್ದರು. ಬೆರಳು ಗುಂಡಿಯಿಂದ ಮೇಲೆದ್ದಿತು.

"ಕೆಟ್ಟಿಲ್ಲ ಸರ್," ಎಂದಳು. ಧ್ವನಿ ತಿದ್ದಿದ್ದಾಗಿರಲಿಲ್ಲ, ಮನೆಯದಾಗಿತ್ತು. "ನಮ್ಮಮ್ಮ ಕೆಮ್ತಿದಾರೆ. ಅವರದು ಮುಗೀಲಿ. ಆಮೇಲೆ ನಿಮ್ಮದು ಕೇಳ್ತೀನಿ."

ಕರೆ ಕಡಿದಿಲ್ಲ ಎಂಬುದಕ್ಕೆ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಅಷ್ಟೇ. ಅಮ್ಮ ಮೇಜಿನ ಅಂಚು ಹಿಡಿದು, ಬಾಯಿಯಿಂದ ಕೈ ತೆಗೆದು, ಪೂರ್ತಿ ಕೆಮ್ಮಿದಳು.